ಕುಪ್ಪೇಲೂರಿನ ಅಕ್ಕ, ಕಡಲ ದಂಡೆಯ ತಂಗಿ

ನನ್ನ ಹೆಂಡತಿ "ಸಾಕು ಬಿಡಬೇ ಯವ್ವಾ" ಎಂದದ್ದೇ ತಡ, ನಮ್ಮ ಕೊಡಕ್ಕೆ ನೀರು ಸುರಿಯುತ್ತಿದ್ದ ಹೆಂಗಸಿನ ಕೈ ನಿಂತಿತು.

"ಯಾವೂರ್ರಿ ನಿಮ್ದು? ನಮ್ಮ ಕಡೆ ಮಾತು ಐತಲ್ಲ" ಎಂದಳು ಆಕೆ.

"ರಾಣೆಬೆನ್ನೂರು" ಎಂದೆ. 2005ರ ಚಳಿಗಾಲದಲ್ಲಿ ನಾವಿಬ್ಬರೂ ಗೆಳೆಯನ ಹಾಯಿದೋಣಿಯಲ್ಲಿ ಕಾರವಾರದಿಂದ ಹೊನ್ನಾವರಕ್ಕೆ ಹೊರಟು, ಕುಡಿಯುವ ನೀರಿಗೆಂದು ಅಂಕೋಲಾದ ಬಳಿ ದಡಕ್ಕಿಳಿದಿದ್ದೆವು.

ಆಕೆಯ ತವರು ನಮ್ಮ ತಾಲೂಕಿನದೇ ಕುಪ್ಪೇಲೂರು. ಮೀನುಗಾರನನ್ನು ಮದುವೆಯಾದಳೆಂದು ಮನೆಯವರು ಮೂವತ್ತು ವರ್ಷದಿಂದ ಮಾತು ಬಿಟ್ಟಿದ್ದರಂತೆ. "ನಮ್ಮಕ್ಕ ಬಸವ್ವ ಇನ್ನೂ ಅದಾಳೇನು, ನೋಡಿ ಒಂದು ಕಾಗದ ಹಾಕ್ರಿ" ಎಂದು ತನ್ನ ವಿಳಾಸ ಹೇಳಿದಳು.

ಪ್ರಯಾಣ ಮುಗಿಸಿ ಬಂದವರೇ ಕುಪ್ಪೇಲೂರಿಗೆ ಹೋದೆವು. ಜೋಳ ಕೇರುತ್ತಿದ್ದ ಬಸವ್ವ ನಮ್ಮ ಸುದ್ದಿ ಕೇಳಿ ಮೊರ ಕೆಳಗಿಟ್ಟಳು. "ಕಾಗದ ಯಾಕ್ರಿ? ಅಂಕೋಲಾ ಬಸ್ಸು ಎಷ್ಟೊತ್ತಿಗೈತಿ?"

ಆಕೆಯನ್ನು ಬಸ್ಸು ಹತ್ತಿಸಿ ಬಂದ ಸಂಜೆ, ಎರಡು ವರ್ಷದಿಂದ ಮಾತಿಲ್ಲದ ಬ್ಯಾಡಗಿಯ ನನ್ನ ತಮ್ಮನಿಗೆ ನಾನೇ ಫೋನ್ ಮಾಡಿದೆ.