ವಾಸಿಯಾದವರು ಬಾರದ ಅಂಗಡಿ

ಮಾತ್ರೆ ಕೆಲಸ ಮಾಡದೆ ಹೋಗಬಹುದು. ಮಾತ್ರೆಯೇ ಒಗ್ಗದೆ ಮೈಯೆಲ್ಲ ದದ್ದು ಏಳಬಹುದು. ಹೊಟ್ಟೆಯೊಳಗೆ ಕ್ಯಾಮೆರಾ ಇಳಿಸುವಾಗ ಎಲ್ಲಾದರೂ ತೂತಾಗಬಹುದು. ರಿಪೋರ್ಟು ಇನ್ಯಾರದೋ ಜೊತೆ ಅದಲುಬದಲಾಗಬಹುದು. ಗಡ್ಡೆ ಕರಗದೆ ಹರಡಬಹುದು. ಡಾಕ್ಟರು ನಿಜವನ್ನು ಹೆಂಡತಿಗೆ ಮಾತ್ರ ಹೇಳಿರಬಹುದು. ಪರೀಕ್ಷೆಯ ದಿನವೇ ಆಟೋ ಸಿಗದೆ ಹೋಗಬಹುದು...

ಮೊನ್ನೆ ಬೀರು ಒತ್ತರಿಸುವಾಗ ಹಳೆಯ ಫೈಲಿನಿಂದ ಜಾರಿ ಬಿದ್ದ ಕಂದು ಕಾಗದದ ಕವರಿನ ಬೆನ್ನ ಮೇಲೆ ಈ ಪಟ್ಟಿ ಇತ್ತು. ಕೈಬರಹ ನನ್ನದೇ. ಒಟ್ಟು ಹದಿಮೂರು ಭಯಗಳು, ನಂಬರು ಹಾಕಿ. ಮೂಸಿ ನೋಡಿದೆ, ಮಾತ್ರೆಯ ಕಹಿ ವಾಸನೆ ಇನ್ನೂ ಅಲ್ಲೇ ಇತ್ತು. ಮುಂಭಾಗದಲ್ಲಿ ನೀಲಿ ಇಂಕಿನಲ್ಲಿ ಬೆಳಗಿನ ಮಾತ್ರೆಗೆ ಒಬ್ಬ ಸೂರ್ಯ, ರಾತ್ರಿಯದಕ್ಕೆ ಒಬ್ಬ ಚಂದ್ರ, ಕೆಳಗೆ ದಪ್ಪಕ್ಷರದಲ್ಲಿ, 'ಕಪ್ಪಗೆ ಹೋದರೆ ಹೆದರಬೇಡಿ'. ಅದು ನಮ್ಮ ಚಾಮರಾಜಪುರಂನ ಮೆಡಿಕಲ್ ಅಂಗಡಿಯವರ ಕೈ.

ಆರು ವರ್ಷದ ಹಿಂದೆ ನನ್ನ ಹೊಟ್ಟೆಯಲ್ಲಿ ಲಿಂಫೋಮ ಎಂಬುದು ಸಿಕ್ಕಿತು. ಒಂದು ಬಗೆಯ ಕ್ಯಾನ್ಸರು. ಡಾಕ್ಟರು ಮಾತ್ರ ತಣ್ಣಗೆ, "ಸದ್ಯಕ್ಕೆ ಕೀಮೋ ಬೇಡ, ಹೊಟ್ಟೆಯಲ್ಲಿ ಒಂದು ಬ್ಯಾಕ್ಟೀರಿಯಾ ಇದೆ, ಮೊದಲು ಅದನ್ನು ಕೊಲ್ಲೋಣ" ಎಂದು ಹದಿನಾಲ್ಕು ದಿನದ ಮಾತ್ರೆ ಬರೆದರು. ಹಲ್ಲುನೋವಿಗೆ ಕೊಡುವಂಥ ಮಾತ್ರೆ! ಕೈಬಿಟ್ಟಿದ್ದಾರೆ, ಬಾಯಿಬಿಟ್ಟು ಹೇಳುತ್ತಿಲ್ಲ ಎಂದೇ ನಾನು ತೀರ್ಮಾನಿಸಿದೆ.

ಅಂಗಡಿಯವರು ಚೀಟಿ ಓದಿದರು, ನನ್ನ ಮುಖವನ್ನೂ ಓದಿದರು. ಅರವತ್ತು ದಾಟಿದ್ದ ಅವರು ಹೂಟಗಳ್ಳಿಯ ಕಡೆಯಿಂದ ಹಳೇ ಸ್ಕೂಟರಿನಲ್ಲಿ ಬರುತ್ತಿದ್ದರು. "ಬೆಲ್ಲ ಚೆಲ್ಲಿರೋ ತಾವ ಇರುವೆ ಮುತ್ತವೆ ಸಾರ್. ಇರುವೆ ಹೊಡೀತಾ ಕೂತ್ರೆ ಮುಗಿಯಕಿಲ್ಲ. ಬೆಲ್ಲ ಒರೆಸ್ಬುಡಿ, ತಾವಾಗೇ ಹೋಯ್ತವೆ. ಎಲ್ಲಾ ಸಲ ಅಂತ ಹೇಳಕ್ಕಾಗಲ್ಲ, ಬಾಳಾ ಸಲ." ಬೆಲ್ಲ ಅಂದರೆ ಬ್ಯಾಕ್ಟೀರಿಯಾ, ಇರುವೆ ಅಂದರೆ ಗಡ್ಡೆ, ಎಲ್ಲ ಅರ್ಥವಾಯಿತು. ಆದರೆ ಮನೆಗೆ ಬರುವಷ್ಟರಲ್ಲಿ ನನ್ನ ತಲೆಯಲ್ಲಿ ಉಳಿದಿದ್ದು 'ಎಲ್ಲಾ ಸಲ ಅಲ್ಲ' ಎಂಬುದೊಂದೇ.

ಮೂರನೇ ದಿನ ಮಲ ಕಪ್ಪಗೆ ಹೋಯಿತು. ಒಳಗೆ ರಕ್ತ ಸೋರುತ್ತಿದೆ ಎಂದು ಕವರು ಹಿಡಿದುಕೊಂಡೇ ಅಂಗಡಿಗೆ ಓಡಿದೆ.

"ಬರ್ದಿದ್ದೀನಲ್ಲ ಸಾರ್. ಆ ಮಾತ್ರೆ ಬಣ್ಣ ಅದು."

"ಓದಿದೆ. ಆದ್ರೂ..."

"ಆದ್ರೂ ಅನ್ನೋ ಕಾಯ್ಲೆಗೆ ನನ್ ತಾವ ಮಾತ್ರೆ ಇಲ್ಲ ಕಣ್ರೀ." ಕವರು ತಿರುಗಿಸಿ ನನ್ನ ಪಟ್ಟಿಯನ್ನು ಹದಿಮೂರರವರೆಗೂ ಓದಿದರು. ನಗುತ್ತಾರೆಂದುಕೊಂಡೆ, ನಗಲಿಲ್ಲ. "ಇದ್ರಲ್ಲಿ ವಾಸಿ ಆಗ್ಬೋದು ಅಂತ ಎಲ್ಲೂ ಬರ್ದೇ ಇಲ್ವಲ್ಲ? ವಾಸಿ ಆದ್ರೆ ಬಂದು ಒಂದ್ ಮಾತು ಹೇಳ್ಬುಟ್ಟು ಹೋಗಿ ಸಾರ್. ನಮ್ ಅಂಗಡಿಗೆ ಕಾಯ್ಲೆ ಇರೋರೇ ಬತ್ತಾರೆ. ವಾಸಿ ಆದೋರು ಯಾರೂ ಬರಕಿಲ್ಲ."

ಆಗಲಿ ಎಂದೆ.

ಹದಿನಾಲ್ಕು ದಿನ ಮುಗಿಯಿತು. ತಿಂಗಳ ಮೇಲೆ ಊದುವ ಪರೀಕ್ಷೆ. ಚೀಲದೊಳಗೆ ಉಸಿರು ಊದಿದರೆ ಬ್ಯಾಕ್ಟೀರಿಯಾ ಉಳಿದಿದೆಯೋ ಇಲ್ಲವೋ ಗೊತ್ತಾಗುತ್ತದಂತೆ. ಅದಕ್ಕೆ ಹದಿನಾರು ದಿನ ಇರುವಾಗ ನಾನು ಎಂದಿನಂತೆ ಹೋಗಿ ಗ್ಯಾಸಿನ ಮಾತ್ರೆ ಒಂದು ಸ್ಟ್ರಿಪ್ ಕೇಳಿದೆ. ಬೆಳಗ್ಗೆ ಕಾಫಿಗೆ ಮುಂಚೆ ಅದೊಂದು ನುಂಗುವುದು ನನ್ನ ಹತ್ತು ವರ್ಷದ ಅಭ್ಯಾಸ. ನಮ್ಮಂಥವರು ಅದನ್ನು ಔಷಧಿ ಎಂದು ಲೆಕ್ಕಕ್ಕೇ ಇಟ್ಟಿರುವುದಿಲ್ಲ. ಬೇರೆ ಏನಾದರೂ ಮಾತ್ರೆ ತಗೊಳ್ತೀರಾ ಎಂದು ಡಾಕ್ಟರು ಕೇಳಿದಾಗಲೂ ನಿಸ್ಸಂಕೋಚವಾಗಿ ಇಲ್ಲ ಎಂದಿದ್ದೆ.

ಅಂಗಡಿಯವರು ಸ್ಟ್ರಿಪ್ಪಿಗೆ ಚಾಚಿದ ಕೈ ಹಿಂದಕ್ಕೆ ತೆಗೆದುಕೊಂಡರು. "ಇದು ಇವತ್ತಿಂದ ಬಂದ್. ಇದ್ನ ತಿಂದ್ರೆ ಆ ಹುಳ ಅಡಗಿ ಕೂತ್ಕತದೆ. ಊದಿದ್ರೆ ಇಲ್ಲ ಅಂತ ಬತ್ತದೆ, ಒಳಗೆ ಅಂಗೇ ಇರ್ತದೆ. ಆಮೇಲೆ ಗಡ್ಡೆ ಯಾಕೆ ಕರಗ್ಲಿಲ್ಲ ಅಂತ ಯಾರನ್ನ ಕೇಳ್ತೀರಿ?"

ಡಾಕ್ಟರೂ ಇದನ್ನೇ ಹೇಳಿದ್ದರೆಂದು ಆಮೇಲೆ ಹೆಂಡತಿ ಸಾಕ್ಷಿ ನುಡಿದಳು. ಲಿಂಫೋಮ ಎಂಬ ಮಾತಿನ ನಂತರ ನನ್ನ ಕಿವಿ ಕೆಲಸ ನಿಲ್ಲಿಸಿತ್ತು. ಅಂದು ಮಾತ್ರ ಸಿಟ್ಟು ಬಂತು. ಎರಡು ಬೀದಿ ಆಚೆಯ ಅಂಗಡಿಗೆ ಹೋದೆ. ಆತ ನನ್ನನ್ನು ಮೇಲಿಂದ ಕೆಳಗೆ ನೋಡಿ, "ನೀವೇನಾ ಸಾರ್, ಕನ್ನಡಕ, ಗಾಬರಿ? ಆ ಅಂಗಡಿ ಯಜಮಾನ್ರು ಫೋನ್ ಮಾಡಿದ್ರು. ಕೊಡಬೇಡ ಅಂದವ್ರೆ" ಎಂದ.

ಆ ಎರಡು ವಾರ... ಎದೆಯವರೆಗೂ ಉರಿ. ಉರಿದಾಗಲೆಲ್ಲ ಗಡ್ಡೆ ಒಂದು ಬೆರಳು ಬೆಳೆಯಿತು ಅನ್ನಿಸುತ್ತಿತ್ತು. ಊಟದ ತಟ್ಟೆ ಕಂಡರೆ ಭಯ. ಹಸಿವಾಗದಿದ್ದರೆ ಅದೂ ಭಯ. ಸಂಜೆ ಹೋಗಿ ಅವರ ಅಂಗಡಿಯ ಸ್ಟೂಲಿನ ಮೇಲೆ ಕೂರುತ್ತಿದ್ದೆ. ಅವರು ಗೋಡೆಯ ಕ್ಯಾಲೆಂಡರಿನಲ್ಲಿ ಒಂದೊಂದೇ ದಿನಕ್ಕೆ ಗೀಟು ಎಳೆಯುತ್ತಿದ್ದರು, ನನ್ನ ಕಣ್ಣಿಗೆ ಬೀಳುವಂತೆ.

ಊದಿ ನೋಡಿದರೆ ಬ್ಯಾಕ್ಟೀರಿಯಾ ಉಳಿದೇ ಇತ್ತು. ಗೊತ್ತಾಗಿದ್ದೇ ಒಳ್ಳೆಯದಾಯಿತು ಎಂದು ಡಾಕ್ಟರು ಬೇರೆ ಮಾತ್ರೆಗಳನ್ನು ಬರೆದರು. ಮತ್ತೆ ಸೂರ್ಯ, ಚಂದ್ರ. ಮುಂದಿನ ಪರೀಕ್ಷೆಯಲ್ಲಿ ಅದು ಇರಲಿಲ್ಲ. ಗಡ್ಡೆ ತಿಂಗಳುಗಟ್ಟಲೆ ಸತಾಯಿಸಿ, ಚಪ್ಪಟೆಯಾಗಿ, ಕಡೆಗೆ ಕಾಣದಂತಾಯಿತು. "ಸದ್ಯಕ್ಕೆ ಏನೂ ಇಲ್ಲ" ಎಂದರು ಡಾಕ್ಟರು. ನನ್ನ ಕಿವಿಗೆ ಬಿದ್ದಿದ್ದು 'ಸದ್ಯಕ್ಕೆ'.

ವಾಸಿಯಾಯಿತೆಂದು ಬಾಯಿಬಿಟ್ಟು ಹೇಳಿದರೆ ದೃಷ್ಟಿಯಾಗುತ್ತದೆ ಎಂದು ನಮ್ಮಮ್ಮ ಹೇಳುತ್ತಿದ್ದಳು. ನಾನು ನಂಬುವುದಿಲ್ಲ, ಆದ್ರೂ... ಇನ್ನೊಂದು ಸಲ ಕ್ಯಾಮೆರಾ ಇಳಿಸಿ ನೋಡಲಿ, ಆಮೇಲೆ ಹೇಳೋಣ ಎಂದುಕೊಂಡೆ. ಅದೂ ಚೆನ್ನಾಗಿ ಬಂತು. ಮುಂದಿನದೂ ಆಗಲಿ ಎಂದುಕೊಂಡೆ. ಎದುರಿಗೆ ಸಿಕ್ಕರೆ ಕೇಳಿಬಿಡುತ್ತಾರೆಂದು ಹಾಲು ತರಲು ಹಿಂದಿನ ಬೀದಿ ಹಿಡಿದೆ. ಹೀಗೇ ಎರಡು ವರ್ಷದ ಹತ್ತಿರ ಕಳೆಯಿತು. ಕಡೆಗೊಂದು ಬೆಳಗ್ಗೆ ಧೈರ್ಯ ಮಾಡಿ ಅರ್ಧ ಕೆಜಿ ಮೈಸೂರುಪಾಕು ಕಟ್ಟಿಸಿಕೊಂಡು ಹೋದೆ. ಅಂಗಡಿಯಲ್ಲಿ ಮೊಬೈಲ್ ಕವರುಗಳು ನೇತಾಡುತ್ತಿದ್ದವು. ಒಳಗಿದ್ದ ಹೆಂಗಸು, "ಅವರು ತೀರ್ಕೊಂಡು ಆರು ತಿಂಗಳಾಯ್ತಲ್ಲ ಸಾರ್, ನಿಮಗೆ ಗೊತ್ತಿಲ್ವಾ?" ಎಂದಳು.

ಪಟ್ಟಿಯನ್ನು ಮೊನ್ನೆ ಒಂದೊಂದಾಗಿ ಓದಿದೆ. ಹದಿಮೂರರಲ್ಲಿ ಮೊದಲನೆಯದು ಒಂದು ಸಲ ಆಗಿದ್ದು ಬಿಟ್ಟರೆ ಯಾವುದೂ ಆಗಲಿಲ್ಲ. ಆಟೋ ಕೂಡ ಸಿಕ್ಕಿತ್ತು. ಹೇಳಬೇಕಾದವರೇ ಇಲ್ಲದೆ ಹೋಗಬಹುದು ಎಂಬ ಹದಿನಾಲ್ಕನೆಯದೊಂದನ್ನು ಬರೆದುಕೊಳ್ಳಬೇಕೆಂದು ನನಗೆ ಹೊಳೆದೇ ಇರಲಿಲ್ಲ. ಹೋಗಿ ಒಂದು ಮಾತು ಹೇಳಿ ಬರಲಿಲ್ಲ, ಅಷ್ಟೇ.