ಮಾವ ಮಾಡಿಕೊಟ್ಟ ಅಫಿಡವಿಟ್

ಕಾಲ ಕಳೆದಂತೆ ಸಿಟ್ಟು ಇಳಿಯುತ್ತದೆ ಎನ್ನುವವರನ್ನು ಕಂಡರೆ ನನಗಾಗುವುದಿಲ್ಲ. ನನ್ನದು ಇಳಿದಿರಲಿಲ್ಲ. ಬೆಳಿಗ್ಗೆ ಹಲ್ಲುಜ್ಜುವಾಗ ಇತ್ತು, ಪರ್ಕಳದ ಅಂಗಡಿಯ ಶಟರ್ ಎತ್ತುವಾಗ ಇತ್ತು. ಆರು ವರ್ಷ ಅದನ್ನು ಜೋಪಾನವಾಗಿ ಸಾಕಿದ್ದೆ. ಅದೆಲ್ಲ ನನ್ನ ಸೋದರಮಾವನಿಗೆಂದೇ ಇಟ್ಟದ್ದು.

ನಾನು ಹುಟ್ಟಿ ಬೆಳೆದದ್ದು ಇನ್ನಂಜೆಯಲ್ಲಿ, ಅಮ್ಮನ ತವರಿನಲ್ಲಿ. ಅಪ್ಪ ಬೇಗ ತೀರಿಕೊಂಡರು. ನಮ್ಮ ಕಡೆ ಹೆಣ್ಣುಮಕ್ಕಳು ತವರಿನಲ್ಲೇ ಉಳಿಯುವುದು ಹೊಸದೇನಲ್ಲ. ಮನೆ ನಡೆಯುವುದು ಅವರ ಅಣ್ಣನ ಮಾತಿನ ಮೇಲೆ. ಯಾವ ಗದ್ದೆ ಯಾವಾಗ ಉಳಬೇಕು, ಯಾರ ಮದುವೆಗೆ ಯಾರು ಹೋಗಬೇಕು, ಎಲ್ಲವೂ ಮಾವನದ್ದೇ. ಅಮ್ಮ ಕಾಪುವಿಗೆ ಹಲ್ಲು ತೋರಿಸಲು ಹೋಗಬೇಕಾದರೂ ಜಗಲಿಯ ಬಳಿ ನಿಂತು "ಅಣ್ಣ, ಹೋಗಿ ಬರಲಾ?" ಎಂದು ಕೇಳುತ್ತಿದ್ದಳು. ಅವರು ಪೇಪರಿನಿಂದ ತಲೆ ಎತ್ತುವವರೆಗೆ ಚೀಲ ಹಿಡಿದುಕೊಂಡು ನಿಂತೇ ಇರುತ್ತಿದ್ದಳು.

ನಾನು ಮೆಚ್ಚಿದ್ದು ಕಾರ್ಕಳದ ಬ್ಯಾರಿ ಮುಸ್ಲಿಂ ಹುಡುಗನನ್ನು. ಗಲ್ಫಿನಲ್ಲಿ ಕೆಲಸ, ಊರಿನಲ್ಲಿ ಅವರ ಮನೆಯವರದ್ದು ಚಪ್ಪಲಿ ಅಂಗಡಿ. ಅವನು ಧರ್ಮ ಬದಲಿಸುವುದು ಬೇಡ, ನಾನು ಬದಲಿಸುವುದು ಬೇಡ ಎಂದು ನೋಂದಣಿ ಕಚೇರಿಯಲ್ಲಿ ಅರ್ಜಿ ಕೊಟ್ಟೆವು. ಕಾನೂನು ಏನೆಂದರೆ, ನಮ್ಮ ನೋಟಿಸನ್ನು ಮೂವತ್ತು ದಿನ ಬೋರ್ಡಿಗೆ ಅಂಟಿಸಬೇಕು. ಯಾರಿಗಾದರೂ ಆಕ್ಷೇಪ ಇದ್ದರೆ ಹೇಳಬೇಕು. ಒಂಬತ್ತನೇ ದಿನ, ಜಾಗದ ಕಾಗದಕ್ಕೆಂದು ಅಲ್ಲಿಗೆ ಹೋಗಿದ್ದ ಯಾವನೋ ಪುಣ್ಯಾತ್ಮ ಅದರ ಫೋಟೋ ತೆಗೆದು ಮಾವನಿಗೆ ಕಳಿಸಿದ. ಸಂಜೆಯೊಳಗೆ ಅದು ಕಾಪುವಿನಿಂದ ಮುಂಬೈವರೆಗಿನ ಎಲ್ಲ ನೆಂಟರ ಫೋನಿನಲ್ಲಿತ್ತು.

ಮಾವ ಕೂಗಾಡಲಿಲ್ಲ, ಹೊಡೆಯಲಿಲ್ಲ. ಹೊಡೆದಿದ್ದರೆ ಬಹುಶಃ ಮರೆಯುತ್ತಿದ್ದೆ. ಅವರು ಕೂತು ಚಂದದ ಅಕ್ಷರದಲ್ಲಿ ಒಂದು ಆಕ್ಷೇಪಣೆ ಬರೆದರು: ಹುಡುಗಿಯ ಬುದ್ಧಿ ಸ್ವಾಧೀನದಲ್ಲಿಲ್ಲ. ನಾನು ಆಗ ಮಣಿಪಾಲದ ಒಂದು ಆಫೀಸಿನಲ್ಲಿ ಹೊರದೇಶದ ವಿದ್ಯಾರ್ಥಿಗಳ ವೀಸಾ ಅರ್ಜಿ ತುಂಬಿಸುತ್ತಿದ್ದವಳು! ಹತ್ತು ದೇಶದವರ ಕಾಗದ ನೋಡುವ ನನಗೆ ಬುದ್ಧಿ ಇದೆ ಎಂದು ಸಾಬೀತು ಮಾಡುವಷ್ಟರಲ್ಲಿ ಹುಡುಗನ ರಜೆ ಮುಗಿಯಿತು, ನೋಟಿಸಿಗಿದ್ದ ಮೂರು ತಿಂಗಳ ಅವಧಿಯೂ ಮುಗಿದು ಅದು ರದ್ದಾಯಿತು.

ದಾರಿ ತೋರಿಸಿದ್ದು ಆ ಕೆಲಸವೇ. ಒಮ್ಮೆ ಬೇರೆಬೇರೆ ದೇಶದ ಇಬ್ಬರು ವಿದ್ಯಾರ್ಥಿಗಳು ಬಂದು, ಇಬ್ಬರಿಗೂ ಎಲ್ಲಿಯೂ ಕಾಯಂ ವಾಸದ ಪರವಾನಗಿ ಇಲ್ಲ, ನಾವು ಎಲ್ಲಿ ಮದುವೆಯಾಗಬಹುದು ಎಂದು ಕೇಳಿದರು. ಹುಡುಕಿದೆ. ಪ್ರವಾಸಿಗಳಿಗೂ ಮದುವೆ ಮಾಡಿಸಿಕೊಡುವ ದೇಶಗಳು ಉಂಟು. ಡೆನ್ಮಾರ್ಕಿನಲ್ಲಿ ಮೊದಲೇ ಅರ್ಜಿ ಹಾಕಿ ಒಪ್ಪಿಗೆ ಪಡೆದು ಹೋಗಬೇಕು. ಸೇಶೆಲ್ಸ್‌ನಲ್ಲಿ ಕೆಲವು ದಿನದ ನೋಟಿಸು. ಜಾರ್ಜಿಯಾದಲ್ಲಿ ಪಾಸ್‌ಪೋರ್ಟು, ಅದರ ಅನುವಾದ, ಇಬ್ಬರು ಸಾಕ್ಷಿಗಳು, ಅಷ್ಟೇ. ಬೋರ್ಡು ಇಲ್ಲ, ಮೂವತ್ತು ದಿನ ಇಲ್ಲ, ಮಾವ ಇಲ್ಲ. ಆ ವಿದ್ಯಾರ್ಥಿಗಳಿಗೆಂದು ಓದಲು ಕುಳಿತವಳು ಅರ್ಧದಿಂದ ನನಗೆಂದೇ ಓದತೊಡಗಿದೆ.

ಅವನು ಗಲ್ಫಿನಿಂದ ನೇರ ಜಾರ್ಜಿಯಾಕ್ಕೆ ಬಂದ. ನಾನು ಆಫೀಸಿನ ಟ್ರೈನಿಂಗ್ ಎಂದು ಮನೆಯಲ್ಲಿ ಸುಳ್ಳು ಹೇಳಿ ಹೊರಟೆ. ನಾವು ಉಳಿದಿದ್ದ ಕೋಣೆಯ ಯಜಮಾನಿ ಮತ್ತು ಅವಳ ಮೈದುನ ನಮ್ಮ ಸಾಕ್ಷಿಗಳು. ಅಧಿಕಾರಿ ಹೆಂಗಸು ದುಭಾಷಿಯ ಮೂಲಕ "ಒಪ್ಪಿಗೆಯೇ?" ಎಂದಳು, ಒಪ್ಪಿಗೆ ಎಂದೆ, ನಂಬಿದಳು. ನನ್ನ ಭಾಷೆಯ ಒಂದಕ್ಷರ ಗೊತ್ತಿಲ್ಲದವಳಿಗೆ ನನ್ನ ಬುದ್ಧಿಯ ಮೇಲೆ ಸಂಶಯ ಬರಲಿಲ್ಲ. ಇಪ್ಪತ್ತು ನಿಮಿಷದಲ್ಲಿ ಮದುವೆ ಮುಗಿದು, ಯಜಮಾನಿ ನನ್ನ ಎರಡೂ ಕೆನ್ನೆಗೆ ಮುತ್ತಿಟ್ಟಾಗ ನಾನು ಅಮ್ಮನನ್ನು ನೆನೆದು ಗೊಳೋ ಎಂದು ಅತ್ತೆ.

ಊರಿಗೆ ಬಂದು ಸರ್ಟಿಫಿಕೇಟಿನ ನಕಲು ಮಾವನಿಗೆ ರಿಜಿಸ್ಟರ್ಡ್ ಪೋಸ್ಟಿನಲ್ಲಿ ಕಳಿಸಿದೆ. ಉತ್ತರವಾಗಿ ಅವರು ಅಮ್ಮನಿಗೆ ಹೇಳಿದ್ದು ಒಂದೇ ಮಾತು: "ಅವಳ ಮನೆಯ ಮೆಟ್ಟಿಲು ಹತ್ತಬಾರದು." ಅಮ್ಮ ಹತ್ತಲಿಲ್ಲ. ಇನ್ನಂಜೆಯಿಂದ ಹೊರಟು ಉಡುಪಿಯಲ್ಲಿ ಒಂದು ಬಸ್ಸು ಬದಲಿಸಿದರೆ ಪರ್ಕಳ. ಆರು ವರ್ಷ ಅವಳು ಆ ಬಸ್ಸು ಹತ್ತಲಿಲ್ಲ. ಹೂ ಕೊಯ್ಯುವ ನೆವದಲ್ಲಿ ಬೇಲಿಯ ಬಳಿ ನಿಂತು ಫೋನು ಮಾಡುತ್ತಿದ್ದಳು, ಮಾವ ಕರೆದರೆ ಅರ್ಧದಲ್ಲಿ ಇಡುತ್ತಿದ್ದಳು. ನನಗೆ ಲೋಕದಲ್ಲಿ ಬೇಕಾಗಿದ್ದದ್ದು ಇಷ್ಟೇ, ಅಮ್ಮ ನನ್ನ ಮನೆಗೆ ಬರಬೇಕು, ನನ್ನ ಅಡುಗೆಮನೆಯಲ್ಲಿ ಕೂರಬೇಕು.

ಆಮೇಲೆ ನಾನು ಸ್ವಂತ ಅಂಗಡಿ ಹಾಕಿದೆ. ಪಾಸ್‌ಪೋರ್ಟು, ವೀಸಾ, ಅನುವಾದ, ಜೊತೆಗೆ ಇಂಥ ಮದುವೆಯ ಕಾಗದಪತ್ರ. ವಾಸದ ಪರವಾನಗಿ ಬೇಡವೆಂದರೆ ಕಾಗದವೇ ಬೇಡವೆಂದು ಅರ್ಥವಲ್ಲ ಮಾರಾಯ್ರೆ, ಎಂದು ಬಂದವರಿಗೆಲ್ಲ ಹೇಳಿ ಹೇಳಿ ಬಾಯಿ ನೋಯುತ್ತದೆ. ಕೆಲವು ದೇಶಗಳಿಗೆ ಅವಿವಾಹಿತರೆಂಬ ಪ್ರಮಾಣಪತ್ರ ಬೇಕು. ಮೊದಲು ನೋಟರಿ, ಆಮೇಲೆ ರಾಜ್ಯದ ಮುದ್ರೆ, ಕೊನೆಗೆ ಕಾಗದ ಹೊರದೇಶದಲ್ಲಿ ನಡೆಯುವಂತೆ ದೆಹಲಿಯಲ್ಲಿ ಹಾಕುವ ಅಪೋಸ್ಟಿಲ್ ಮುದ್ರೆ. ಕ್ರಮ ತಪ್ಪಿದರೆ ವಾಪಸು ಬರುತ್ತದೆ.

ಕಳೆದ ವರ್ಷ ಹಾಗೆ ವಾಪಸು ಬಂದ ಕಾಗದ ಹಿಡಿದುಕೊಂಡು ನನ್ನ ಅಂಗಡಿಯ ಮೆಟ್ಟಿಲು ಹತ್ತಿದವರು ಮಾವ.

"ಎಂತ ಮಾವ, ದಾರಿ ತಪ್ಪಿತಾ?" ಎಂದೆ.

"ಇಲ್ಲ. ನಿನ್ನ ಹತ್ತಿರವೇ ಬಂದದ್ದು," ಎಂದರು. ಅವರ ಮಗಳು ಜರ್ಮನಿಯಲ್ಲಿ ನರ್ಸು. ಅವಳಿಗೆ ಬ್ರೆಜಿಲಿನ ಹುಡುಗನೊಬ್ಬ ಸಿಕ್ಕಿದ್ದ. ಅವನಿಗೆ ಎರಡು ತಿಂಗಳಲ್ಲಿ ಕೆನಡಾಕ್ಕೆ ವರ್ಗ. ಮದುವೆಯಾಗಿದ್ದರೆ ಮಾತ್ರ ಇವಳೂ ಜೊತೆಗೆ ಹೋಗಬಹುದು. ಡೆನ್ಮಾರ್ಕಿನಲ್ಲಿ ಮದುವೆಗೆ ಎಲ್ಲ ಸಿದ್ಧ, ಮಗಳು ಅವಿವಾಹಿತೆ ಎಂದು ತಂದೆ ಮಾಡಿಕೊಡಬೇಕಾದ ಅಫಿಡವಿಟ್ ಒಂದು ಬಾಕಿ. ಇಬ್ಬರು ಏಜೆಂಟರು ಅದನ್ನು ಹಾಳು ಮಾಡಿದ್ದರು. "ಅಕ್ಕನ ಹತ್ತಿರ ಹೋಗಿ ಅಂತ ಅವಳೇ ಹೇಳಿದ್ದು. ಸ್ವಲ್ಪ ಬೇಗ ಆಗಬೇಕಿತ್ತು ಮಗಾ."

ಮಗಾ! ಬುದ್ಧಿ ಇಲ್ಲದ ಹುಡುಗಿ ಆ ದಿನದಿಂದ ಮಗಾ ಆದಳು.

"ಕೂತುಕೊಳ್ಳಿ, ಜನ ಉಂಟು," ಎಂದು ಸ್ಟೂಲು ತೋರಿಸಿದೆ. ಅವರ ನಂತರ ಬಂದ ಮೂವರ ಕೆಲಸ ಮೊದಲು ಮುಗಿಸಿದೆ. ಎರಡನೇ ದಿನ ಫೋಟೋದಲ್ಲಿ ಕಿವಿ ಕಾಣುವುದಿಲ್ಲವೆಂದು ವಾಪಸು ಕಳಿಸಿದೆ. ನಿಜ ಹೇಳಬೇಕೆಂದರೆ ಆ ಅಫಿಡವಿಟ್‌ಗೆ ಫೋಟೋವೇ ಬೇಕಾಗಿರಲಿಲ್ಲ. ಮೂರನೇ ದಿನ ಕರಡು ಕೈಗೆ ಕೊಟ್ಟು, ತಪ್ಪಿದ್ದರೆ ಮತ್ತೆ ತೊಂದರೆ, ಗಟ್ಟಿಯಾಗಿ ಓದಿ ಎಂದೆ. ಅವರು ಕನ್ನಡಕ ಹಾಕಿ ಓದಿದರು. "ನನ್ನ ಮಗಳು ವಯಸ್ಕಳಾಗಿದ್ದು, ಬುದ್ಧಿ ಸ್ವಾಧೀನದಲ್ಲಿದ್ದು, ತನ್ನ ಸ್ವಇಚ್ಛೆಯಿಂದ..." ಅಲ್ಲಿಗೆ ನಿಂತಿತು. ಆ ಸಾಲು ನಾನೇ ಸೇರಿಸಿದ್ದು. ಅವರ ಕಿವಿ ಕೆಂಪಾಯಿತು, ಕಣ್ತುಂಬ ನೋಡಿದೆ. "ಓದಿ ಮಾವ, ಅಕ್ಷರ ಚಿಕ್ಕದಾಯಿತಾ?" ಎಂದೆ. ಓದಿದರು. ಅಯ್ಯೋ, ಎಂಥ ಸುಖ! ಆ ದಿನ ಮನೆಗೆ ಹೋಗಿ ಎರಡು ತಟ್ಟೆ ಊಟ ಮಾಡಿದೆ.

ಗಂಡನಿಗೆ ಇದು ಹಿಡಿಸಲಿಲ್ಲ. ಗಲ್ಫ್ ಬಿಟ್ಟು ಬಂದು ಅವನೀಗ ಅಂಗಡಿ ನೋಡಿಕೊಳ್ಳುತ್ತಾನೆ. "ಆ ಹುಡುಗಿ ನಿನಗೆ ಎಂತ ಮಾಡಿದ್ದಾಳೆ? ಮಾಡಿಕೊಟ್ಟು ಬಿಡು ಮಾರಾಯ್ತಿ," ಎಂದ.

"ಮಾಡಿಕೊಡುತ್ತೇನೆ. ಸುಮ್ಮನೆ ಅಲ್ಲ," ಎಂದೆ.

ನಾಲ್ಕನೇ ಸಲ ಮಾವ ಬಂದಾಗ ಫೈಲನ್ನು ಮೇಜಿನ ಮೇಲಿಟ್ಟು ಅದರ ಮೇಲೆ ಕೈ ಇಟ್ಟೆ. "ಎಲ್ಲ ತಯಾರು ಉಂಟು. ಭಾನುವಾರ ನಾಲ್ಕು ಗಂಟೆಗೆ ನೀವು ನಮ್ಮ ಮನೆಗೆ ಬಂದು, ಮಗಳ ಮದುವೆಗೆ ನನ್ನನ್ನೂ ನನ್ನ ಗಂಡನನ್ನೂ ವೀಳ್ಯ ಕೊಟ್ಟು ಕ್ರಮದಲ್ಲಿ ಕರೆಯಬೇಕು. ಅಮ್ಮನನ್ನು ಕರೆದುಕೊಂಡು ಬರಬೇಕು. ಸೋಮವಾರ ಬೆಳಿಗ್ಗೆ ಇದು ಹೋಗುತ್ತದೆ."

ಅವರು ಕನ್ನಡಕ ತೆಗೆದು ಜೇಬಿಗಿಟ್ಟರು. "ಆಯಿತು," ಎಂದರು.

ಭಾನುವಾರ ಕಾರ್ಕಳದಿಂದ ನನ್ನ ಅತ್ತೆ ಬಂದು ಬೆಳಿಗ್ಗೆಯಿಂದ ಮನೆ ಒರೆಸಿದರು. ನಾಲ್ಕಕ್ಕೆ ಸರಿಯಾಗಿ ಕಾರು ಬಂತು. ಮಾವ ಇಳಿದರು, ಹಿಂದಿನಿಂದ ಅಮ್ಮ. ಮದುವೆಗಳಿಗೆ ಉಡುವ ಹಸಿರು ಸೀರೆ ಉಟ್ಟಿದ್ದಳು. ಅತ್ತೆ ಬೆಲ್ಲ-ನೀರು ತಂದಿಟ್ಟರು. ನಮ್ಮ ಮನೆಗಳಲ್ಲಿ ಬಂದವರಿಗೆ ಮೊದಲು ಕೊಡುವುದು ಅದೇ, ಅತ್ತೆಗೂ ಗೊತ್ತು. ಬ್ಯಾರಿ ಹೆಂಗಸಿನ ಕೈಯಿಂದ ಲೋಟ ತೆಗೆದುಕೊಂಡು ಮಾವ ಗಟಗಟ ಕುಡಿದರು. ವೀಳ್ಯದೆಲೆ, ಅಡಿಕೆ ಇಟ್ಟ ತಟ್ಟೆ ಮುಂದೆ ಮಾಡಿ, "ನೀವಿಬ್ಬರೂ ಬರಬೇಕು," ಎಂದರು. ಡೆನ್ಮಾರ್ಕಿಗೆ! ನಾನು ನಗು ತಡೆದುಕೊಂಡೆ. ಗೆದ್ದಿದ್ದೆ.

ಅಮ್ಮನ ಕೈ ಹಿಡಿದು ಅಡುಗೆಮನೆಗೆ ಕರೆದುಕೊಂಡು ಹೋದೆ. ಅವಳು ಕೂರಲಿಲ್ಲ. ಒಲೆ ನೋಡಿದಳು, ಡಬ್ಬಿಗಳನ್ನು ನೋಡಿದಳು, ಕಿಟಕಿ ನೋಡಿದಳು.

"ಕೂತುಕೋ ಅಮ್ಮ. ಆರು ವರ್ಷ ಆಯಿತು. ಕಡೆಗೂ ಬಂದೆಯಲ್ಲ," ಎಂದೆ.

"ನಾನು ಬಂದದ್ದಲ್ಲ ಮಗಾ. ನೀನು ತರಿಸಿಕೊಂಡದ್ದು," ಎಂದಳು.

ಬೆಲ್ಲ-ನೀರಿನ ಲೋಟ ಅವಳ ಮುಂದೆ ಸರಿಸಿದೆ.

"ಆವತ್ತು ಹೋಗಬೇಡ ಅಂದ, ಬರಲಿಲ್ಲ. ಇವತ್ತು ಸೀರೆ ಉಟ್ಟುಕೊಂಡು ಹೊರಡು ಅಂದ, ಹೊರಟೆ. ನೀನು ಫೈಲು ಕೊಡಬೇಕಾದರೆ ನನ್ನನ್ನು ಕರೆದುಕೊಂಡು ಬರಬೇಕಂತೆ ಅಂದ." ಅವಳ ಧ್ವನಿಯಲ್ಲಿ ಸಿಟ್ಟು ಇರಲಿಲ್ಲ, ಇದ್ದಿದ್ದರೆ ಒಳ್ಳೆಯದಿತ್ತು. "ಬರುವ ತಿಂಗಳು ನಾನೇ ಬರುವವಳಿದ್ದೆ. ಉಡುಪಿಯಲ್ಲಿ ಪರ್ಕಳದ ಬಸ್ಸು ಎಲ್ಲಿ ನಿಲ್ಲುತ್ತದೆ ಅಂತ ಹೂವಿನವಳ ಹತ್ತಿರ ಕೇಳಿ ಇಟ್ಟುಕೊಂಡಿದ್ದೆ. ಅಣ್ಣನಿಗೆ ಹೇಳುವುದಿಲ್ಲ ಅಂತ ಗಟ್ಟಿ ಮಾಡಿದ್ದೆ. ಈಗ ನಾನಾಗಿ ಬಂದರೂ ಅವನು ಒಪ್ಪಿದ ಮೇಲೆ ಬಂದದ್ದೇ ಆಯಿತು, ಅಲ್ವಾ?"

ಹೊರಗಿನಿಂದ ಮಾವ "ಹೊರಡುವಾ?" ಎಂದು ಕೂಗಿದರು. ಅಮ್ಮ ಸೆರಗು ಸರಿಮಾಡಿಕೊಂಡು ಹೊರಟುಬಿಟ್ಟಳು. ಅವಳ ಲೋಟದ ನೀರು ಹಾಗೆಯೇ ಇತ್ತು.

ಸೋಮವಾರ ಬೆಳಿಗ್ಗೆ ಫೈಲು ಕಳಿಸಿದೆ. ಮಾವನ ಮಗಳ ಮದುವೆಯಾಯಿತು, ಚಂದದ ಫೋಟೋಗಳು ಬಂದವು. ಮಾವ ಈಗ ನನ್ನ ಅಂಗಡಿಗೆ ಗಿರಾಕಿಗಳನ್ನೂ ಕಳಿಸುತ್ತಾರೆ, "ನನ್ನ ಸೊಸೆ, ಬಹಳ ಬುದ್ಧಿವಂತೆ" ಎಂದು ಹೇಳಿ ಕಳಿಸುತ್ತಾರಂತೆ. ಅಮ್ಮ ಮತ್ತೆ ಬಂದಿಲ್ಲ. ಈಗ ಬೇಲಿಯ ಬಳಿ ಹೋಗದೆ ಜಗಲಿಯಲ್ಲೇ ಕೂತು ಫೋನು ಮಾಡುತ್ತಾಳೆ, ಎಷ್ಟು ಹೊತ್ತಾದರೂ ಮಾತಾಡುತ್ತಾಳೆ. ಬಾ ಅಮ್ಮ ಎಂಬ ಮಾತು ಪ್ರತಿ ಸಲ ನನ್ನ ಬಾಯಿಯವರೆಗೆ ಬರುತ್ತದೆ, ನುಂಗಿಕೊಳ್ಳುತ್ತೇನೆ. ಬಾ ಎಂದರೆ, ಅಣ್ಣ ಹೊರಡು ಎಂದಾಗ ಹೊರಟ ಹಾಗೆ, ಅವಳು ಬಂದುಬಿಡುತ್ತಾಳೆ.