ಅವ್ವ ಬಂದಾಳ

ಮನೆಮಾತು ಉರ್ದು, ಹುಟ್ಟೂರು ಲಕ್ಷ್ಮೇಶ್ವರ, ಕೆಲಸ ಮುಂಡರಗಿಯ ಶಾಲೆಯಲ್ಲಿ ಕನ್ನಡ ಕಲಿಸುವುದು. ಇದನ್ನು ಕೇಳಿ ನಕ್ಕವರಿಗೆಲ್ಲ ನಾನು ಒಂದೊಂದು ಒತ್ತಕ್ಷರ ಬರೆಸಿ ಬಾಯಿ ಮುಚ್ಚಿಸಿದ್ದೇನೆ. ಎಪ್ಪತ್ತರ ದಶಕದ ನಡುವಿನ ಮಾತಿದು. ನೋಡಿಟ್ಟ ಗಂಡು ಬೇಡವೆಂದು ನೌಕರಿಗೆ ಬಂದಿದ್ದೆ. ಅಂದಿನಿಂದ ನನ್ನ ತಾಯಿ ನನ್ನ ಕೂಡ ಮಾತು ಬಿಟ್ಟಿದ್ದಳು. ನನಗೂ ಹಟ ಕಡಿಮೆ ಇರಲಿಲ್ಲ. ಎರಡು ಬಸ್ಸಿನ ದಾರಿ, ಆದರೂ ವರ್ಷದ ಮೇಲಾಗಿತ್ತು ನಾನು ಆ ಕಡೆ ಹೋಗಿ.

ಆಗ ಊರಂಚಿನ ಒಂದು ಹಳೆಯ ಮನೆಗೆ ಪರದೇಶದ ಗಂಡ ಹೆಂಡತಿ ಬಂದರು. ಆಕೆ ನರ್ಸು, ಆತ ಬಾವಿ ಪಂಪುಗಳ ಕೆಲಸ ಬಲ್ಲವನು. ಹಮ್ಮಿಗಿ ಕಡೆಯ ಹಳ್ಳಿಗಳಲ್ಲಿ ಬಾಣಂತಿಯರನ್ನು ನೋಡಿಕೊಳ್ಳುವುದು, ಕುಡಿಯುವ ನೀರಿಗೆ ದಾರಿ ಮಾಡುವುದು ಅವರ ಸೇವೆ. ಅವರನ್ನು ಕಳಿಸಿದ ಮಿಷನ್ನಿನವರು ಕನ್ನಡ ಕಲಿಸಲು ನನ್ನನ್ನು ಕೇಳಿದರು. ಸಂಜೆ ಹೇಗೂ ನನ್ನ ಕೋಣೆಯಲ್ಲಿ ಗೋಡೆ ನೋಡುತ್ತ ಕೂರುವುದು ತಪ್ಪುತ್ತದೆ ಎಂದು ಒಪ್ಪಿಕೊಂಡೆ.

ಅವರು ಬಂದು ವಾರವಾಗಿರಲಿಲ್ಲ, ಆಕೆಗೆ ಜ್ವರ ಬಂದು ಮೈತುಂಬ ಗುಳ್ಳೆಯೆದ್ದವು. ಸಿಡುಬು ದೇಶ ಬಿಟ್ಟು ಹೋಯಿತೆಂದು ಯಾರಿಗೂ ಪೂರ್ತಿ ನಂಬಿಕೆ ಬಾರದ ಕಾಲವದು. ಆರೋಗ್ಯ ಇಲಾಖೆಯ ಇನ್ಸ್‌ಪೆಕ್ಟರು ಬಂದು, ದೂರದಿಂದಲೇ ನೋಡಿ, ಗೇಟಿಗೆ ಹಗ್ಗ ಕಟ್ಟಿಸಿದರು. ಒಳಗಿದ್ದವರು ಹೊರಗೆ ಬರುವಂತಿಲ್ಲ, ಹೊರಗಿನವರು ಒಳಗೆ ಹೋಗುವಂತಿಲ್ಲ. ಗದಗಿನ ಡಾಕ್ಟರು ಬಂದು ಇದು ಸಿಡುಬಲ್ಲ, ಸಣ್ಣಮ್ಮ, ಬರೀ ಚಿಕನ್‌ಪಾಕ್ಸ್ ಎಂದು ಹೇಳಿದ ಮೇಲೂ, ಗುಳ್ಳೆ ಒಣಗಿ ಹಕ್ಕಳೆ ಉದುರುವ ತನಕ ಹಗ್ಗ ಬಿಚ್ಚಲಿಲ್ಲ. ಸೇವೆ ಮಾಡಲು ಸಮುದ್ರ ದಾಟಿ ಬಂದವರು ಕೈಕಟ್ಟಿ ಮನೆಯೊಳಗೆ ಕೂತರು.

ನಮ್ಮ ಹೆಡ್‌ಮಾಸ್ತರರು ಕರೆದು ಹೇಳಿದರು: "ಅಕ್ಕಾರ, ಆ ಮನಿಯೊಳಗ ಕಾಲಿಟ್ರ ಸಾಲಿಗಿ ಬರಬ್ಯಾಡ್ರಿ."

ಕಾಲಿಡಲಿಲ್ಲ. ಬೇಲಿ ಬಳಸಿ ಹಿತ್ತಲಿಗೆ ಹೋಗಿ, ಕಿಟಕಿಯ ಹೊರಗೆ ಒಗೆಯುವ ಕಲ್ಲಿನ ಮೇಲೆ ಕೂತೆ. ಒಳಗೆ ಮಂಚದ ಮೇಲೆ ಆಕೆ, ಮೂಲೆಯಲ್ಲಿ ನೋಟ್‌ಬುಕ್ಕು ಹಿಡಿದು ಆತ. ನೀರು, ಹಾಲು, ಅಪ್ಪ, ಅವ್ವ ಎಂದು ಪಾಠ ಶುರುವಾಯಿತು. ಪುಸ್ತಕದ 'ಬಂದಿದ್ದಾಳೆ' ಹಮ್ಮಿಗಿಯ ಬಾಣಂತಿಯ ಮುಂದೆ ನಡೆಯುವುದಿಲ್ಲ ಎಂದು 'ಬಂದಾಳ', 'ಹೋದ್ಲು' ಕಲಿಸಿದೆ. ಯಾರಿಗೂ 'ಹೋಗು' ಎನ್ನಬಾರದು, 'ಹೋಗಿ ಬಾ' ಎನ್ನಬೇಕು ಎಂದೂ ಹೇಳಿಕೊಟ್ಟೆ. ನನ್ನ ಜಾಣತನದ ಬಗ್ಗೆ ನನಗೇ ಹೆಮ್ಮೆಯಾಗಿತ್ತು.

'ಅವ್ವ' ಎಂಬ ಮಾತು ಕಲಿತ ದಿನ ಆಕೆ ತನ್ನ ತಾಯಿಯ ಸುದ್ದಿ ತೆಗೆದಳು. ಮಗಳು ಇಷ್ಟು ದೂರ ಹೋಗುವುದು ಆ ತಾಯಿಗೆ ಬೇಕಿರಲಿಲ್ಲವಂತೆ. ಹೊರಡುವ ದಿನ ಬೀಳ್ಕೊಡಲು ಬರಲಿಲ್ಲ. ಬರೆದ ಕಾಗದಗಳಿಗೆ ಉತ್ತರವೂ ಇಲ್ಲ. ನನ್ನ ಶಾಲೆಯ ಇಂಗ್ಲಿಷಿನಲ್ಲಿ ಸಮಾಧಾನದ ಮಾತು ಬಹಳ ಇರಲಿಲ್ಲ. ನಾನು ಮುಂದಿನ ಪಾಠಕ್ಕೆ ಹೋದೆ.

ಆ ಮನೆಗೆ ಹೆದರದೆ ಬರುತ್ತಿದ್ದವಳು ಹಾಲು ಕೊಡುವ ಮುದುಕಿ ಒಬ್ಬಳೇ. ಒಂದು ಮುಂಜಾನೆ ಅವಳು ಗೇಟಿಗೆ ಬೇವಿನ ಟೊಂಗೆ ಸಿಕ್ಕಿಸಿ, ಕಟ್ಟೆಯ ಮೇಲೆ ಹಾಲಿಟ್ಟು, ಕಿಟಕಿಯ ಕಡೆ ಕೂಗಿ ಹೇಳಿದ್ದಳಂತೆ: "ಬಾಯಾರ, ಹೆದರಬ್ಯಾಡ್ರಿ. ನಿಮ್ಮ ಮನಿಗೆ ಅವ್ವ ಬಂದಾಳ."

ಶಾಲೆ ಬಿಟ್ಟು ಸಂಜೆ ನಾನು ಹೋದಾಗ ಆಕೆ ಮಂಚದ ಮೇಲಿರಲಿಲ್ಲ. ನೀಲಿ ಫ್ರಾಕು ತೊಟ್ಟು, ಗುಳ್ಳೆಯ ನೋವಿನಲ್ಲೂ ತಲೆ ಬಾಚಿಕೊಂಡು, ತೆರೆದ ಮುಂಬಾಗಿಲಿನಿಂದ ಗೇಟು ಕಾಣುವ ಹಾಗೆ ಕುರ್ಚಿ ಹಾಕಿಸಿಕೊಂಡು ಕೂತಿದ್ದಳು. ಜ್ವರದಲ್ಲಿ ಮುಖ ಕೆಂಪಗೆ ಹೊಳೆಯುತ್ತಿತ್ತು. ಗಂಡ ಹಿಂದೆ ನಿಂತು, ನೀವಾದರೂ ಹೇಳಿ ಎನ್ನುವಂತೆ ನನ್ನನ್ನು ನೋಡಿದ.

"ಗದಗಿನಿಂದ ಬಸ್ಸು ಎಷ್ಟೊತ್ತಿಗೆ ಬರುತ್ತದೆ?" ಎಂದು ಆಕೆ ಇಂಗ್ಲಿಷಿನಲ್ಲಿ ಕೇಳಿದಳು. "ನನ್ನ ತಾಯಿ ಬಂದಿದ್ದಾಳೆ, ಗದಗಿನ ತನಕ ಬಂದಿರಬೇಕು. ಆ ಅಜ್ಜಿ ಹೇಳಿದಳು. ಅವ್ವ ಬಂದಾಳ. ಯಾರೂ ಹೇಳಿಕೊಡದೆ ನನಗೇ ಅರ್ಥವಾದ ಮೊದಲ ಕನ್ನಡದ ಮಾತು ಇದು!"

ಆಕೆ ಬೆಳಗಿನಿಂದ ಕಾಯುತ್ತ ಕೂತಿದ್ದಳು. ಪುಸ್ತಕದ ಕನ್ನಡವನ್ನೇ ಕಲಿಸಿದ್ದರೆ ಇದು ಆಗುತ್ತಿರಲಿಲ್ಲ. ನಾಳೆ ಹೇಳೋಣ ಎಂದುಕೊಂಡೆ, ಆದರೆ ನಾಳೆಯವರೆಗೆ ಆಕೆ ಆ ಕುರ್ಚಿಯಿಂದ ಏಳುವಂತೆ ಕಾಣಲಿಲ್ಲ. ಹೇಳಿಬಿಟ್ಟೆ. ಇಲ್ಲಿಯವರು ಈ ಬೇನೆಯನ್ನು ಬೇನೆ ಎನ್ನುವುದಿಲ್ಲ, ದೇವಿ ಮೈಮೇಲೆ ಬಂದಿದ್ದಾಳೆ ಎನ್ನುತ್ತಾರೆ, ಅವಳನ್ನೇ ಅವ್ವ ಎನ್ನುತ್ತಾರೆ ಎಂದೆ.

ಆಕೆ ಅಳಲಿಲ್ಲ. ತನ್ನ ಕೈಯ ಮೇಲಿನ ಗುಳ್ಳೆಗಳನ್ನು ನೋಡಿದಳು. ಆಮೇಲೆ ಬಾಚಣಿಗೆಯನ್ನು ಪೆಟ್ಟಿಗೆಯೊಳಗೆ ಇಟ್ಟಳು. ಅಷ್ಟರಲ್ಲಿ ಸಂಜೆಯ ಹಾಲು ತಂದ ಮುದುಕಿಗೆ ಆಕೆಯ ಬಾಚಿದ ತಲೆ ಕಂಡಿತು.

"ಅಯ್ಯ! ಅವ್ವ ಮೈಮ್ಯಾಲಿದ್ದಾಗ ತಲಿ ಹಿಕ್ಕೋತಾರೇನ್ರಿ? ಅಕ್ಕಾರ, ನೀವರ ಹೇಳಬಾರದ?"

ಹೇಳುವುದನ್ನೆಲ್ಲ ಹೇಳಿ ನಾನು ಕೋಣೆಗೆ ಬಂದು ಅತ್ತೆ. ಖರೆ ಹೇಳಬೇಕೆಂದರೆ ಹೊಟ್ಟೆಕಿಚ್ಚೂ ಆಯಿತು. ಆಕೆಗೆ ಒಂದು ಹಗಲಿನ ಮಟ್ಟಿಗಾದರೂ ತಾಯಿ ಬಂದಿದ್ದಳು.

ಹಕ್ಕಳೆ ಉದುರಿದವು, ಇನ್ಸ್‌ಪೆಕ್ಟರು ಹಗ್ಗ ಬಿಚ್ಚಿಸಿದರು. ಅಂದು ಮುದುಕಿ ಬೇವಿನ ನೀರು ಕಾಸಿ ಆಕೆಗೆ ಎರೆದಳು. ಮೊರದಲ್ಲಿ ಮೊಸರನ್ನ, ಬೇವಿನ ಸೊಪ್ಪು, ಹಸಿರು ಬಳೆ ಇಟ್ಟುಕೊಂಡು, ಅವ್ವನನ್ನು ಊರ ಗಡಿ ದಾಟಿಸಲು ಹೊರಟಳು. ಮುಟ್ಟಿ ಕಳಿಸಿಕೊಡಿ ಎಂದು ಆಕೆಯ ಮುಂದೆ ಮೊರ ಹಿಡಿದಳು. ಗಂಡನಿಗೆ ಇದು ಸರಿಬಂದಂತೆ ಕಾಣಲಿಲ್ಲ. ಆದರೆ ಯಾರೂ ಹತ್ತಿರ ಬಾರದ ದಿನಗಳಲ್ಲಿ ಹಾಲು ತಪ್ಪಿಸದವಳು ಅವಳು. ಆತ ಹೊಸ್ತಿಲಿನಿಂದ ಸರಿದು ದಾರಿ ಬಿಟ್ಟ.

ಆಕೆ ಮೊರ ಮುಟ್ಟಿ, ಬಿಡಿಸಿ ಬಿಡಿಸಿ ಹೇಳಿದಳು: "ಅವ್ವಾ, ಹೋಗಿ ಬಾ."

ಮುದುಕಿ ಬೆಚ್ಚಿಬಿದ್ದಳು. "ಅಯ್ಯ ಶಿವನ! ಈ ಅವ್ವಗ ಬಾ ಅನ್ನಬಾರದ್ರಿ! ತಣ್ಣಗ ಹೋಗವ್ವಾ ಅನ್ರಿ. ಏನ್ ಕಲಿಸೀರಿ ಅಕ್ಕಾರ ನೀವು?"

ನಾನು ತಿದ್ದಲು ಹೋದೆ. ಆಕೆ ಬೇಡವೆಂದು ತಲೆಯಾಡಿಸಿದಳು. ಅರ್ಥ ಗೊತ್ತಿಲ್ಲದೆ ಹೇಳಿದ ಮಾತಾಗಿರಲಿಲ್ಲ ಅದು. ಮೊರವನ್ನು ಬಿಡದೆ ಹಿಡಿದು, "ಅವ್ವಾ, ಬಾ" ಎಂದು ಮತ್ತೆ ಹೇಳಿದಳು. ಅಷ್ಟು ದಿನ ಬಾರದ ಅಳು ಆಗ ಬಂತು.

ಮುದುಕಿ ನನ್ನ ಮುಖ ನೋಡಿದಳು. ಆಕೆಯ ತಾಯಿಯ ಸಂಗತಿ, ಕುರ್ಚಿ ಹಾಕಿಕೊಂಡು ಕಾದ ಸಂಗತಿ ನಾಲ್ಕು ಮಾತಿನಲ್ಲಿ ಹೇಳಿದೆ. ಮುದುಕಿ ಮೊರವನ್ನು ಕಟ್ಟೆಯ ಮೇಲಿಟ್ಟು, ತನ್ನ ಸೆರಗಿನಿಂದ ಆಕೆಯ ಕಣ್ಣು ಒರೆಸಿದಳು.

"ಈ ಅವ್ವ ಹೋಗ್ಲಿ," ಎಂದಳು. "ನಿಮ್ಮವ್ವ ಬರ್ಲಿ."

ಅವರು ಮೂರು ವರ್ಷ ಇದ್ದರು. ಆಕೆಯ ಕನ್ನಡ ಹಮ್ಮಿಗಿಯ ಹೆಂಗಸರ ಕನ್ನಡವೇ ಆಯಿತು. ಮುದುಕಿ ಹಾಲು ಅಳೆಯುವಾಗ ತಪ್ಪದೆ ಕೇಳುತ್ತಿದ್ದಳು: "ಅವ್ವ ಬಂದ್ಲೇನ್ರಿ ಬಾಯಾರ?" ಆಕೆ ಪಾತ್ರೆ ಹಿಡಿದುಕೊಂಡೇ, "ಇನ್ನೂ ಇಲ್ಲಬೇ" ಎನ್ನುತ್ತಿದ್ದಳು.

ಒಮ್ಮೆ ಮುದುಕಿ ನನ್ನ ಕಡೆ ತಿರುಗಿ, "ನಿಮ್ಮವ್ವ ಅಕ್ಕಾರ?" ಎಂದಳು. ನಾನೂ "ಇನ್ನೂ ಇಲ್ಲ" ಎಂದೆ. ನಾನು ನನ್ನ ತಾಯಿಯನ್ನು ಒಮ್ಮೆಯೂ ಬಾ ಎಂದು ಕರೆದಿರಲಿಲ್ಲ.